ಹನ್ನೆರಡನೇ ಕಾಲಂ

ಪ್ರಯಾಣ ಭತ್ಯೆಯ ನಮೂನೆಯಲ್ಲಿ ಈ ಸಲ
ಹೊಸದೊಂದು ಕಾಲಂ:
ಇಂಗಾಲದ ಹೆಜ್ಜೆಗುರುತು, ಕಿಲೋಗಳಲ್ಲಿ.
ಲೆಕ್ಕದ ಸೆಕ್ಷನ್ನಿನ ಹುಸೇನಪ್ಪ ಕನ್ನಡಕ ಹಣೆಗೇರಿಸಿ
"ಸುವಾರ್ತಾ ಮೇಡಂ, ಇಲ್ಲಿ ಏನ್ ತುಂಬಬೇಕ್ರಿ,
ಚಪ್ಪಲಿ ಸೈಜಾ?" ಅಂದರು.
ಕಿಟಕಿಯಾಚೆ ನಮ್ಮ ಚಿಮಣಿ
ಶಕ್ತಿನಗರದ ಆಕಾಶದಲ್ಲಿ
ಎಂದಿನ ಉತ್ತರ ಬರೆಯುತ್ತಿತ್ತು.

ನನ್ನ ಕೆಲಸ ಇಷ್ಟೇ:
ವ್ಯಾಗನ್ನಿನಿಂದ ಇಳಿದ ಕಲ್ಲಿದ್ದಲು ಕುಟ್ಟಿ, ಜರಡಿ ಹಿಡಿದು,
ತೇವ ಆರಿಸಿ, ಒಂದೇ ಒಂದು ಗ್ರಾಂ ಮೂಸೆಗೆ ಹಾಕಿ,
ಕುಲುಮೆಯಲ್ಲಿ ಕೆಂಪಗೆ ಕಾದು ತಣಿದ ಮೇಲೆ
ಉಳಿದದ್ದನ್ನು ತೂಗುವುದು.
೦.೩೮. ಬೂದಿ. ಸಹಿ.
ಹತ್ತೊಂಬತ್ತು ವರ್ಷ ಉಳಿದದ್ದನ್ನೇ ತೂಗಿದ್ದೇನೆ.
ಹೋದದ್ದನ್ನೂ ತೂಗು ಅಂತ
ಯಾರೂ ಹೇಳಿರಲಿಲ್ಲ.

ಮುಂಬೈಯಲ್ಲಿ ಮೂರು ದಿನದ ತರಬೇತಿ.
ಬಾಯ್ಲರಿನ ತಿಮ್ಮಾರೆಡ್ಡಿ ಬಾಡಿಗೆ ಕಾರು ಮಾಡಿ
ಹೈದರಾಬಾದಿಗೆ ಹೋಗಿ ಹಾರಿದ.
"ಮೋಡದ ಮ್ಯಾಲ ಕುಂತು ಉಪ್ಪಿಟ್ಟು ತಿಂದೆ ಮೇಡಂ,
ಬಿಸಿನೀರು ಹಾಕಿದ್ರ ಆಗೋ ಉಪ್ಪಿಟ್ಟು!"
ನಾನು ರೈಲು ಹಿಡಿದೆ. ಭೂಮಿಯ ಮೇಲಿನ ಪ್ರೀತಿಗಲ್ಲ,
ಎಡಗಿವಿಯ ತಮಟೆ ತೂತಾಗಿದೆ,
ಹಾರಬೇಡ ಅಂದಿದ್ದಾರೆ ಡಾಕ್ಟರು.

ರಾಯಚೂರು ಬಿಟ್ಟು ಹತ್ತು ನಿಮಿಷಕ್ಕೇ
ಚಿಕ್ಕಸುಗೂರಿನ ಹತ್ತಿರ ನಿಂತಿತು.
ಐವತ್ತೆಂಟು ವ್ಯಾಗನ್ ಕಲ್ಲಿದ್ದಲು
ನಮ್ಮನ್ನು ದಾಟಿ ಮುಂದೆ ಹೋಗಬೇಕಿತ್ತು,
ನನ್ನ ಮೂಸೆಗೆ, ಅಲ್ಲಿಂದ ಎಲ್ಲೆಲ್ಲೋ ಸುತ್ತಿ
ಈ ರೈಲಿನ ನೆತ್ತಿಯ ತಂತಿಗೆ.
ಹೊಗೆಯಿಲ್ಲದ ಗಾಡಿ ಅನ್ನುತ್ತಾರೆ.
ಹೊಗೆ ಇದೆ, ಬೇರೆ ಮನೆ ಮಾಡಿದೆ ಅಷ್ಟೇ.
ಆ ಮನೆಯ ಹಿತ್ತಲಲ್ಲೇ ನಾನು ಬಟ್ಟೆ ಒಣಹಾಕುವುದು.
ಬೆಳಿಗ್ಗೆ ಮಾಳಿಗೆಗೆ ಹೋದರೆ
ಬೂದಿಯ ಮೇಲೆ ನಿನ್ನೆಯ ನನ್ನ ಬರಿಗಾಲು,
ಐದೂ ಬೆರಳು, ಒಡೆದ ಹಿಮ್ಮಡಿಯ ಗೆರೆ ಸಮೇತ.
ಹೆಜ್ಜೆಗುರುತು ಅಂದರೆ ನನಗೆ ಅದು.

ಬೋಗಿ ತುಂಬ ದೇವದುರ್ಗದ ಕಡೆಯವರು,
ಪುಣೆಯ ಗಾರೆ ಕೆಲಸಕ್ಕೆ ಹೊರಟವರು.
ಎಪ್ಪತ್ತೆರಡು ಸೀಟು, ತಲೆ ನೂರಾ ಮೂವತ್ತು.
"ಸ್ವಲ್ಪ ಸರೀರಿ ಅಕ್ಕಾ" ಅಂದಳು ಬಕ್ಕಮ್ಮ;
ಸರಿದೆ; ಅವಳ ಮಗಳು ನನ್ನ ಪಾದದ ಮೇಲೆ ತಲೆಯಿಟ್ಟು
ಕಿಟಕಿಯಲ್ಲಿ ಚಿಮಣಿಯ ಕೆಂಪು ದೀಪ ನೋಡಿತು.
"ಅದ್ಯಾಕ ಮಿಣಕ್ತದ?"
"ವಿಮಾನ ಬಂದು ಬಡಿಬಾರದಂತ."
"ಬರ್ತದೇನು?"
ನಾವಿಬ್ಬರೂ ಮೇಲೆ ನೋಡಿದೆವು.
ಕೃಷ್ಣೆಯ ಸೇತುವೆ ಬಂತು,
ಬಕ್ಕಮ್ಮ ಕತ್ತಲಿಗೆ ಒಂದು ರೂಪಾಯಿ ಎಸೆದಳು.

ನಿದ್ದೆ ಬರದೆ, ಬಸ್ ಟಿಕೆಟಿನ ಬೆನ್ನ ಮೇಲೆ
ಅಂದಾಜು ಲೆಕ್ಕ ಹಾಕಿದೆ:
ರೈಲಿಗೆ ತಲೆಗೆ ಹತ್ತು ಕಿಲೋದ ಒಳಗೆ,
ತಿಮ್ಮಾರೆಡ್ಡಿಗೆ ಕಾರೂ ಸೇರಿ ನೂರರ ಮೇಲೆ.
ಒಂದು ಗಳಿಗೆ ಎದೆ ಉಬ್ಬಿತು, ಸುಳ್ಳು ಯಾಕೆ.
ಆಮೇಲೆ ಭಾಗಾಕಾರ ಮತ್ತೆ ನೋಡಿದೆ.
ಜನ ಹೆಚ್ಚಿದಷ್ಟೂ ನನ್ನ ಪಾಲು ಇಳಿಯುತ್ತದೆ.
ಅಂದರೆ ನನ್ನ ಪುಣ್ಯದ ಮುಕ್ಕಾಲು
ಬಕ್ಕಮ್ಮನ ಮಡಚಿದ ಮೊಣಕಾಲಿನದು,
ಪಾಯಖಾನೆಯ ಬಾಗಿಲಿಗೆ ಬೆನ್ನು ಕೊಟ್ಟು
ಸೊಲ್ಲಾಪುರದ ತನಕ ನಿಂತವರದು.
ಗೆರೆಯ ಕೆಳಗೆ ಒತ್ತೊತ್ತಾಗಿ ಕೂತು
ನನ್ನನ್ನು ಚಿಕ್ಕದು ಮಾಡಿದವರಿಗೆ
ನಮೂನೆಯಲ್ಲಿ ಜಾಗವಿಲ್ಲ.

ವಾಪಸು ಬಂದು ಎಂಟು ಅಂತ ತುಂಬಿದೆ.
ಹುಸೇನಪ್ಪ ಕಡತ ತಿರುಗಿಸಿದರು, ಕೆಂಪು ಶಾಯಿಯ ಆಕ್ಷೇಪಣೆ:
'ವಿಮಾನಕ್ಕಿಂತ ಎರಡು ದಿನ ಹೆಚ್ಚು.
ಸದರಿ ದಿನಗಳಿಗೆ ರಜೆ ಹಾಕುವುದು.'
ಹಾಕಿದೆ.

ಮರುದಿನ ಮತ್ತೆ ಒಂದು ಗ್ರಾಂ.
೦.೩೮. ಬೂದಿ. ಸಹಿ.
ರಿಜಿಸ್ಟರು ಮುಚ್ಚುವ ಮೊದಲು
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ ಬರೆದೆ:
ಹೋದದ್ದು, ೦.೬೨.
ಇನ್ನೂ ಯಾರೂ ಅಳಿಸಿಲ್ಲ.